ಕಂಕುಳ ಬೆವರಿಗೆ ಸಣ್ಣ ಗಾಯದ ಆಪರೇಷನ್: ಯಾರಿಗೆ ಬೇಕು, ಯಾರಿಗೆ ಬೇಡ

ಕಂಕುಳಿನ ಅತಿ ಬೆವರು, ಅದರ ವಾಸನೆ, ಅದಕ್ಕೆ ಮಾಡುವ ಶಸ್ತ್ರಚಿಕಿತ್ಸೆಯ ಬಗ್ಗೆ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳಿವು. ಉತ್ತರಿಸಿದವರು ಚರ್ಮರೋಗ ಮತ್ತು ಪ್ಲಾಸ್ಟಿಕ್ ಸರ್ಜರಿ ವೈದ್ಯರು. ಮನೆಯವರ ಹತ್ತಿರವೂ ಹೇಳಿಕೊಳ್ಳಲಾಗದ ವಿಷಯವೆಂದು ಹಲವರು ಬರೆದಿರುವುದರಿಂದ ಯಾರ ಹೆಸರನ್ನೂ ಹಾಕಿಲ್ಲ.

ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿ ಕೆಲಸ. ಗೂಡು ಬೇಯಿಸುವ ಬಿಸಿನೀರಿನ ಹಬೆಗೆ ಅಲ್ಲಿ ಎಲ್ಲರೂ ಬೆವರುತ್ತಾರೆ. ಆದರೆ ನನಗೆ ಡಿಸೆಂಬರ್ ಚಳಿಯಲ್ಲೂ, ಮನೆಯಲ್ಲಿ ಸುಮ್ಮನೆ ಕೂತಾಗಲೂ ಎರಡೂ ಕಂಕುಳು ಒದ್ದೆ, ಜೊತೆಗೆ ನಾತ. ವಯಸ್ಸು 27. ಬೆಂಗಳೂರಿನ ಕ್ಲಿನಿಕ್ ಒಂದರಲ್ಲಿ ಸಣ್ಣ ತೂತು ಮಾಡಿ ಬೆವರು ಗ್ರಂಥಿ ತೆಗೆಯುತ್ತೇವೆ ಎಂದಿದ್ದಾರೆ. ಮಾಡಿಸಿಕೊಳ್ಳಬಹುದೇ? – ಶಿಡ್ಲಘಟ್ಟದ ಓದುಗರು

ಮಾಡಿಸಿಕೊಳ್ಳಬಹುದಾದವರ ಪೈಕಿ ನೀವೂ ಇರಬಹುದು. ಆದರೆ ಅದಕ್ಕೆ ಮೊದಲು ಎರಡು ವಿಷಯ ಇತ್ಯರ್ಥವಾಗಬೇಕು: ನಿಮ್ಮ ತೊಂದರೆ ಬೆವರೋ, ವಾಸನೆಯೋ? ಮತ್ತು ಸುಲಭದ ಚಿಕಿತ್ಸೆಗಳನ್ನು ಕ್ರಮವಾಗಿ ಮಾಡಿ ನೋಡಿದ್ದೀರಾ?

ಕಂಕುಳಿನಲ್ಲಿ ಎರಡು ಬಗೆಯ ಬೆವರು ಗ್ರಂಥಿಗಳಿವೆ. ಎಕ್ರೈನ್ ಗ್ರಂಥಿಗಳು ಮೈತುಂಬ ಇರುವಂಥವೇ. ನೀರಿನಂಥ ಬೆವರು ಸುರಿಸುತ್ತವೆ, ಅಂಗಿ ಒದ್ದೆ ಮಾಡುವುದು ಇವು. ಅಪೊಕ್ರೈನ್ ಗ್ರಂಥಿಗಳು ದೊಡ್ಡವು. ಕೂದಲ ಬುಡಕ್ಕೆ ತೆರೆದುಕೊಳ್ಳುವ ಇವು ಹರೆಯಕ್ಕೆ ಬಂದ ಮೇಲೆ ಕೆಲಸ ಶುರುಮಾಡುತ್ತವೆ. ಇವುಗಳ ಸ್ರಾವ ಸ್ವಲ್ಪವೇ, ಮಂದವಾಗಿರುತ್ತದೆ. ಹೊರಬಂದಾಗ ಅದಕ್ಕೂ ವಾಸನೆ ಇರುವುದಿಲ್ಲ. ಕಂಕುಳ ಚರ್ಮದ ಮೇಲೆ ಬದುಕುವ ಕಾರಿನೆಬ್ಯಾಕ್ಟೀರಿಯಂನಂಥ ಬ್ಯಾಕ್ಟೀರಿಯಾಗಳು ಅದನ್ನು ಒಡೆದಾಗ ನಾತ ಹುಟ್ಟುತ್ತದೆ. ಚರ್ಮದ ಅಡಿಯಿಂದ ಗ್ರಂಥಿ ಹೆರೆದು ತೆಗೆಯುವ ಆಪರೇಷನ್ ವಾಸನೆಗೆ ಚೆನ್ನಾಗಿ ಫಲ ಕೊಡುತ್ತದೆ, ಏಕೆಂದರೆ ಅಪೊಕ್ರೈನ್ ಗ್ರಂಥಿಗಳು ಒಳಚರ್ಮದ ತಳದಲ್ಲಿ, ಕೊಬ್ಬು ಶುರುವಾಗುವಲ್ಲಿ, ಉಪಕರಣದ ಬಾಯಿಗೆ ಸಿಗುವಂತೆ ಕೂತಿರುತ್ತವೆ. ಎಕ್ರೈನ್ ಗ್ರಂಥಿಗಳಲ್ಲಿ ಒಂದಷ್ಟು ಮೇಲಿನ ಪದರದಲ್ಲಿ ಉಳಿದುಬಿಡುತ್ತವೆ. ಆದ್ದರಿಂದ ಬೆವರು ಗಣನೀಯವಾಗಿ ಇಳಿಯುತ್ತದೆಯೇ ಹೊರತು ಪೂರ್ತಿ ನಿಲ್ಲುವುದಿಲ್ಲ. ‘ನೂರಕ್ಕೆ ನೂರು ಒಣಗುತ್ತದೆ’ ಎಂದು ಯಾರಾದರೂ ಭರವಸೆ ಕೊಟ್ಟರೆ ಅಲ್ಲಿಂದ ಎದ್ದು ಬನ್ನಿ.

ಬೇರೆ ಕಾಯಿಲೆಯಿಲ್ಲದೆ ಕಣ್ಣಿಗೆ ಕಾಣುವಷ್ಟು ಬೆವರುವುದು 6 ತಿಂಗಳಿಗೂ ಮೇಲ್ಪಟ್ಟು ನಡೆದಿರಬೇಕು. ಅದರ ಜೊತೆಗೆ ಎರಡೂ ಕಡೆ ಸಮ, ವಾರಕ್ಕೊಮ್ಮೆಯಾದರೂ ಆಗುವುದು, 25 ವರ್ಷದೊಳಗೆ ಶುರುವಾಗಿದ್ದು, ಮನೆತನದಲ್ಲಿ ಇನ್ನೊಬ್ಬರಿಗೆ ಇರುವುದು, ದಿನನಿತ್ಯದ ಕೆಲಸಕ್ಕೆ ಅಡ್ಡಿ, ನಿದ್ದೆಯಲ್ಲಿ ನಿಲ್ಲುವುದು – ಈ ಆರರಲ್ಲಿ ಕನಿಷ್ಠ ಎರಡು ಹೊಂದಿದರೆ ಅದು ಪ್ರಾಥಮಿಕ ಅತಿಬೆವರು. ನಿಮ್ಮ ವಿವರ ಇದಕ್ಕೆ ಹತ್ತಿರವಿದೆ.

ಮೊದಲ ಚಿಕಿತ್ಸೆ ಡಿಯೋಡರೆಂಟ್ ಅಲ್ಲ. ಅದು ವಾಸನೆ ಮುಚ್ಚುತ್ತದೆ, ಬೆವರು ತಡೆಯುವುದಿಲ್ಲ. ಬೇಕಾದದ್ದು ಅಲ್ಯುಮಿನಿಯಂ ಕ್ಲೋರೈಡ್ ಹೆಕ್ಸಾಹೈಡ್ರೇಟ್ ಶೇ 20ರ ದ್ರಾವಣ. ‘ಹಚ್ಚಿದೆ, ಉರಿಯಿತು, ಬಿಟ್ಟೆ’ ಎನ್ನುವವರೇ ಹೆಚ್ಚು. ಉರಿಯುವುದಕ್ಕೆ ಕಾರಣವಿದೆ: ಚರ್ಮ ತೇವವಿದ್ದರೆ ಈ ಲವಣ ನೀರಿನ ಜೊತೆ ಸೇರಿ ಹೈಡ್ರೋಕ್ಲೋರಿಕ್ ಆಮ್ಲ ಹುಟ್ಟುತ್ತದೆ. ಸ್ನಾನವಾದ ಕೂಡಲೇ ಹಚ್ಚಬೇಡಿ. ರಾತ್ರಿ ಮಲಗುವ ಮುಂಚೆ ಕಂಕುಳನ್ನು ಬಟ್ಟೆಯಿಂದ ಒತ್ತಿ, ಫ್ಯಾನ್ ಗಾಳಿಗೆ ಪೂರ್ತಿ ಒಣಗಿಸಿ ಹಚ್ಚಿ. ರಾತ್ರಿ ಗ್ರಂಥಿ ಮಲಗಿರುವುದರಿಂದ ಔಷಧ ನಾಳದೊಳಗೆ ಇಳಿದು ಬೆಣೆಯಂತೆ ಕೂರುತ್ತದೆ. ಬೆಳಿಗ್ಗೆ ತೊಳೆದುಬಿಡಿ. ಕೂದಲು ತೆಗೆದ ಮೇಲೆ ಒಂದೆರಡು ದಿನ ಮುಟ್ಟಬೇಡಿ. ಒಂದು ವಾರ ದಿನವೂ, ಬೆವರು ಇಳಿದ ಮೇಲೆ ವಾರಕ್ಕೆ ಒಂದೋ ಎರಡೋ ಸಲ ಸಾಕು. 4ರಿಂದ 6 ವಾರ ಹೀಗೆ ಮಾಡಿಯೂ ಪ್ರಯೋಜನವಾಗದಿದ್ದರೆ ಮುಂದಿನ ಮೆಟ್ಟಿಲು ಬೊಟುಲಿನಂ (ಬೊಟಾಕ್ಸ್) ಚುಚ್ಚುಮದ್ದು, ಇಲ್ಲವೇ ಆಪರೇಷನ್. ನಿಮಗೆ ವಾಸನೆಯೇ ಮುಖ್ಯ ಕಾಟವಾಗಿದ್ದರೆ ಆಪರೇಷನ್ ಕಡೆಗೆ ವಾಲುವುದು ನ್ಯಾಯ.

ಆ ಆಪರೇಷನ್ ನಿಜವಾಗಿ ಹೇಗೆ ಮಾಡುತ್ತಾರೆ? ಪೂರ್ತಿ ಪ್ರಜ್ಞೆ ತಪ್ಪಿಸುತ್ತಾರಾ? ಅಷ್ಟು ಸಣ್ಣ ತೂತಿನಿಂದ ಎಲ್ಲಾ ಗ್ರಂಥಿ ಹೇಗೆ ಸಿಗುತ್ತವೆ? – ಕೋಲಾರದ ಓದುಗರು, ಕಾಲೇಜು ಉಪನ್ಯಾಸಕರು

ಪ್ರಜ್ಞೆ ತಪ್ಪಿಸುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಇದಕ್ಕೆ ಸಕ್ಷನ್ ಕ್ಯುರೆಟಾಜ್ ಎನ್ನುತ್ತಾರೆ. ಹೀರುತ್ತಾ ಹೆರೆಯುವುದು.

ಮೊದಲು ಯಾವ ಜಾಗ ಬೆವರುತ್ತದೆ ಎಂದು ಗುರುತು ಮಾಡಬೇಕು. ಕೂದಲು ತೆಗೆದ, ಒಣಗಿದ ಕಂಕುಳಿಗೆ ಅಯೋಡಿನ್ ಹಚ್ಚಿ, ಅದು ಆರಿದ ಮೇಲೆ ಮೆಕ್ಕೆಜೋಳದ ಪಿಷ್ಟದ ಪುಡಿ ಉದುರಿಸುತ್ತಾರೆ. ಬೆವರು ಬಂದಲ್ಲೆಲ್ಲ ಪುಡಿ ಕಡುನೀಲಿ, ಕಪ್ಪಾಗುತ್ತದೆ. ಆ ಅಂಚಿನ ಸುತ್ತ ಪೆನ್ನಿನಿಂದ ಗೆರೆ ಎಳೆದಿಡುತ್ತಾರೆ. ಬೆವರುವ ಜಾಗ ಕೂದಲಿರುವ ಜಾಗವನ್ನು ದಾಟಿ ಹೋಗಿರುವುದುಂಟು. ಈ ಪರೀಕ್ಷೆ ಬಿಟ್ಟು ಅಂದಾಜಿನ ಮೇಲೆ ಹೆರೆದರೆ ಅಂಚಿನಲ್ಲಿ ಉಳಿದದ್ದು ಮುಂದೆ ‘ಮತ್ತೆ ಬಂತು’ ಎನಿಸುತ್ತದೆ.

ಆಮೇಲೆ ಮಲಗಿಸಿ ಕೈಗಳನ್ನು ಮೇಲೆತ್ತಿ ಇರಿಸುತ್ತಾರೆ. ಚರ್ಮದ ಅಡಿಗೆ ಟ್ಯುಮೆಸೆಂಟ್ ದ್ರಾವಣ ತುಂಬುತ್ತಾರೆ. ಒಂದು ಲೀಟರ್ ಸಲೈನಿಗೆ 500ರಿಂದ 1000 ಮಿಲಿಗ್ರಾಂ ಲಿಗ್ನೊಕೇನ್ (ಜೋಮು ಹಿಡಿಸುವ ಔಷಧ), 1 ಮಿಲಿಗ್ರಾಂ ಅಡ್ರಿನಲಿನ್, ಉರಿ ಕಮ್ಮಿಯಾಗಲು ಸುಮಾರು 10 ಮಿ.ಲೀ. ಸೋಡಿಯಂ ಬೈಕಾರ್ಬೊನೇಟ್ ಬೆರೆಸಿದ್ದು ಅದು. ಒಂದೊಂದು ಕಂಕುಳಿಗೆ ನೂರಿನ್ನೂರು ಮಿ.ಲೀ. ಹಿಡಿಯುತ್ತದೆ. ಹೀಗೆ ತೆಳುಮಾಡಿ ಕೊಟ್ಟಾಗ ಲಿಗ್ನೊಕೇನಿನ ಮಿತಿ ದೇಹತೂಕದ ಪ್ರತಿ ಕಿಲೋಗೆ 35 ಮಿ.ಗ್ರಾಂ ಎಂದು ಲೆಕ್ಕ. 60 ಕಿಲೋ ತೂಗುವವರಿಗೆ 2100 ಮಿ.ಗ್ರಾಂ. ಎರಡೂ ಕಂಕುಳು ಸೇರಿ ಬಳಕೆಯಾಗುವುದು ಅದಕ್ಕಿಂತ ಬಹಳ ಕಡಿಮೆ. ಈ ದ್ರಾವಣ ಮೂರು ಕೆಲಸ ಮಾಡುತ್ತದೆ: ಜೋಮು ಹಿಡಿಸುತ್ತದೆ, ರಕ್ತನಾಳ ಸಂಕುಚಿಸಿ ರಕ್ತಸ್ರಾವ ತಗ್ಗಿಸುತ್ತದೆ, ಚರ್ಮವನ್ನು ಉಬ್ಬಿಸಿ ಒಳಗಿನ ದೊಡ್ಡ ನರ, ರಕ್ತನಾಳಗಳಿಂದ ದೂರ ಎತ್ತಿ ಹಿಡಿಯುತ್ತದೆ. ಚರ್ಮ ಬಿಳಿಚಿಕೊಳ್ಳುವ ತನಕ 20ರಿಂದ 30 ನಿಮಿಷ ಕಾಯಲೇಬೇಕು. ಆತುರಪಟ್ಟರೆ ನೋವೂ ಹೆಚ್ಚು, ರಕ್ತವೂ ಹೆಚ್ಚು.

ಕಂಕುಳ ಮಡಿಕೆಯಲ್ಲಿ, ಗೆರೆಯೊಳಗೆ ಮುಚ್ಚಿಹೋಗುವ ಹಾಗೆ ಅರ್ಧದಿಂದ ಒಂದು ಸೆಂ.ಮೀ. ಉದ್ದದ ಎರಡು ಗಾಯ ಮಾಡುತ್ತಾರೆ. ಕತ್ತರಿ ತೂರಿಸಿ ಚರ್ಮವನ್ನು ಕೊಬ್ಬಿನಿಂದ ಬಿಡಿಸುತ್ತಾರೆ. ನಂತರ 3–4 ಮಿ.ಮೀ. ದಪ್ಪದ ಕೊಳವೆ. ಇದರ ಬಾಯಿಯ ಒಂದು ಅಂಚು ಹರಿತ. ಕೊಬ್ಬು ಹೀರಿ ತೆಗೆಯುವ ಸಾಮಾನ್ಯ ಲೈಪೊಸಕ್ಷನ್ನಿನಲ್ಲಿ ಕೊಳವೆಯ ಬಾಯಿ ಕೊಬ್ಬಿನತ್ತ ಇರುತ್ತದೆ. ಇಲ್ಲಿ ಮೇಲಕ್ಕೆ, ಚರ್ಮದ ಒಳಮೈಯತ್ತ ತಿರುಗಿಸಿ ಹಿಡಿಯುತ್ತಾರೆ. ಬಲಗೈ ಕೊಳವೆಯನ್ನು ಬೀಸಣಿಗೆಯ ಕಡ್ಡಿಗಳಂತೆ ಆಡಿಸುತ್ತಿದ್ದರೆ ಎಡಗೈ ಬೆರಳುಗಳು ಹೊರಗಿನಿಂದ ಚರ್ಮದ ದಪ್ಪ ಅಳೆಯುತ್ತಲೇ ಇರಬೇಕು. ಎರಡು ಗಾಯಗಳಿಂದ ಹೋದ ದಾರಿಗಳು ಒಂದನ್ನೊಂದು ಅಡ್ಡ ಹಾಯುವುದರಿಂದ ಗುರುತಿನೊಳಗೆ ಜಾಗ ಬಿಟ್ಟುಹೋಗುವುದು ಕಡಿಮೆ.

ಎಲ್ಲಿ ನಿಲ್ಲಿಸಬೇಕು ಎನ್ನುವುದೇ ಈ ಆಪರೇಷನ್ನಿನ ಕಸುಬು. ಕಂಕುಳ ಚರ್ಮಕ್ಕೆ ರಕ್ತ ತರುವ ಸಣ್ಣ ನಾಳಗಳ ಬಲೆ ಇರುವುದೂ ಗ್ರಂಥಿಗಳ ಪಕ್ಕದಲ್ಲೇ. ಕಮ್ಮಿ ಹೆರೆದರೆ ಬೆವರು ಉಳಿಯುತ್ತದೆ. ಹೆಚ್ಚು ಹೆರೆದರೆ ಚರ್ಮಕ್ಕೆ ರಕ್ತವಿಲ್ಲದೆ ಕಪ್ಪಾಗಿ ಸಾಯುತ್ತದೆ. ಚಿವುಟಿ ಎತ್ತಿದರೆ ಸುಲಭವಾಗಿ ಮಡಿಚುವಷ್ಟು ತೆಳುವಾಗಿ, ಆದರೆ ಬಣ್ಣ ಜೀವಂತವಾಗಿರುವಾಗ ಅನುಭವಿ ಸರ್ಜನ್ ಕೈ ತೆಗೆಯುತ್ತಾರೆ. ಕೊನೆಗೆ ಸಲೈನಿನಿಂದ ತೊಳೆದು, ರಕ್ತ ಒಸರುತ್ತಿಲ್ಲವೆಂದು ನೋಡಿ, ಬಿಡಿಸಿದ ಚರ್ಮ ತಳಕ್ಕೆ ಅಂಟಿಕೊಳ್ಳಲು ಅಲ್ಲಲ್ಲಿ ಹೊಲಿಗೆ ಹಾಕಿ, ಮೇಲೆ ಗಾಜ್ (ಗಾಯಕ್ಕೆ ಕಟ್ಟುವ ತೆಳು ಹತ್ತಿಬಟ್ಟೆ) ಸುತ್ತಿದ ದಪ್ಪ ಉಂಡೆ ಇಟ್ಟು ಬಿಗಿಯಾಗಿ ಕಟ್ಟುತ್ತಾರೆ. ಎಲ್ಲ ಸೇರಿ ಒಂದೆರಡು ಗಂಟೆ. ಸಂಜೆ ಆಸ್ಪತ್ರೆಯಿಂದ ಹೊರಡಬಹುದು.

ಕೊಳವೆಯ ಬದಲು, ಮೊಣಕಾಲಿನ ಕೀಲು ಚಿಕಿತ್ಸೆಗೆ ಬಳಸುವ ತಿರುಗುವ ಶೇವರ್ ಉಪಯೋಗಿಸುವವರಿದ್ದಾರೆ. ಅದು ಚುರುಕು, ಅಷ್ಟೇ ಅಪಾಯವೂ. ಕ್ಷಣ ಹೆಚ್ಚಾದರೆ ಚರ್ಮ ತೂತಾಗುತ್ತದೆ.

ಆಪರೇಷನ್ ಆದ ಮೇಲೆ ಎಷ್ಟು ದಿನ ರಜೆ ಬೇಕು? ಬೆಂಗಳೂರಿನಲ್ಲಿ ಮಾಡಿಸಿಕೊಂಡು ಅದೇ ದಿನ ಬಸ್ಸಿನಲ್ಲಿ ಊರಿಗೆ ಬರಬಹುದಾ? – ಚಿಂತಾಮಣಿಯ ಓದುಗರು

ಮೊದಲ ರಾತ್ರಿ ಆಸ್ಪತ್ರೆಗೆ ಅರ್ಧ ಗಂಟೆಯಲ್ಲಿ ತಲುಪುವಷ್ಟು ಹತ್ತಿರ ಇರಿ. ಕಾರಣ ಅಡ್ರಿನಲಿನ್. ಟೇಬಲ್ ಮೇಲೆ ರಕ್ತನಾಳಗಳನ್ನು ಮುಚ್ಚಿ ಹಿಡಿದಿದ್ದ ಅದು ಕೆಲ ಗಂಟೆಗಳಲ್ಲಿ ಇಳಿಯುತ್ತದೆ, ಆಗ ಮುಚ್ಚಿದ್ದ ನಾಳ ತೆರೆದುಕೊಂಡು ಒಳಗೆ ರಕ್ತ ಗಡ್ಡೆ ಕಟ್ಟಬಹುದು. ಹಾಗೆ ರಕ್ತ ನಿಂತರೆ ಚರ್ಮ ತಳಕ್ಕೆ ಅಂಟುವುದಿಲ್ಲ. ಅಂಟದ ಚರ್ಮಕ್ಕೆ ರಕ್ತ ಸಿಗುವುದಿಲ್ಲ, ಅದು ಕೊಳೆಯುತ್ತದೆ. ನಾವು ಕಾಣುವ ಕೆಟ್ಟ ಫಲಿತಾಂಶಗಳ ಹಿಂದೆ ಹೆಚ್ಚಾಗಿ ಈ ಸರಪಳಿಯೇ ಇರುತ್ತದೆ.

ಮರುದಿನ ಗಾಯ ತೋರಿಸಿಕೊಂಡು ಹೊರಡಿ. ಕಾರಾದರೆ ಒಳ್ಳೆಯದು. ಬಸ್ಸಾದರೆ ಸೀಟು ಖಾತ್ರಿ ಮಾಡಿಕೊಂಡೇ ಹತ್ತಿ. ಮೇಲಿನ ಕಂಬಿ ಹಿಡಿದು ನಿಂತು ಬರುವುದು ಸುತರಾಂ ಕೂಡದು, ಒಂದು ಬ್ರೇಕಿಗೆ ಹೊಲಿಗೆ ಕಿತ್ತುಬರುತ್ತದೆ. ಲಗೇಜು ಬೇರೆಯವರು ಹೊರಲಿ.

ಬಿಗಿ ಕಟ್ಟು 3ರಿಂದ 5 ದಿನ, ವೈದ್ಯರು ಹೇಳುವ ತನಕ ಒದ್ದೆ ಮಾಡಬೇಡಿ. ಹೊಲಿಗೆ 7ರಿಂದ 10ನೇ ದಿನಕ್ಕೆ ತೆಗೆಯುತ್ತಾರೆ. ಎರಡು ವಾರ ಮೊಣಕೈ ಭುಜಕ್ಕಿಂತ ಮೇಲೆ ಹೋಗಬಾರದು. ಅಂದರೆ ಮುಂದೆ ಗುಂಡಿಯಿರುವ ಸಡಿಲ ಅಂಗಿ ತೊಡಿ, ತಲೆ ಬಾಚಲು, ಜಡೆ ಹಾಕಲು ಇನ್ನೊಬ್ಬರ ಸಹಾಯ ಪಡೆಯಿರಿ, ಅಟ್ಟದಿಂದ ಡಬ್ಬಿ ಇಳಿಸಬೇಡಿ, ಬೈಕ್ ಓಡಿಸಬೇಡಿ. ಕೂತು ಮಾಡುವ ಕೆಲಸಕ್ಕೆ ವಾರದೊಳಗೆ ಹೋಗಬಹುದು. ಟೊಮೆಟೊ ಕ್ರೇಟ್ ಎತ್ತುವ, ಹಾಲು ಕರೆಯುವ, ಕಾರ್ಖಾನೆಯಲ್ಲಿ ಕೈ ಮೇಲೆತ್ತಿ ದುಡಿಯುವವರಿಗೆ 3–4 ವಾರ ಬೇಕು. ಅಷ್ಟು ರಜೆ ಸಿಗದಿದ್ದರೆ ಸಿಗುವ ಕಾಲಕ್ಕೆ ಮುಂದೂಡಿ. ನೋವು ನಿಂತಿದೆಯೆಂದು ನಾಲ್ಕನೇ ದಿನ ಕೆಲಸಕ್ಕೆ ಇಳಿದವರು ವಾರಾನುಗಟ್ಟಲೆ ಡ್ರೆಸ್ಸಿಂಗ್ ಮಾಡಿಸಿಕೊಳ್ಳುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಒಂದೇ ಕಡೆ ಬಿಗಿತ ಗಂಟೆಗಂಟೆಗೂ ಏರುತ್ತಿದ್ದರೆ, ಕಟ್ಟು ತಾಜಾ ರಕ್ತದಲ್ಲಿ ನೆನೆದರೆ ತಕ್ಷಣ ಆಸ್ಪತ್ರೆಗೆ. ಮೂರನೇ ದಿನದ ನಂತರ ಜ್ವರ, ಕೀವು, ಸುತ್ತ ಕೆಂಪು ಹರಡುವುದು ಸೋಂಕು. ಗಾಯದ ಅಂಚು ಕಪ್ಪಾದರೆ ಗಾಬರಿ ಬೇಡ. ಸಣ್ಣದಾಗಿದ್ದರೆ ಕೆಲವು ವಾರಗಳ ಡ್ರೆಸ್ಸಿಂಗಿನಲ್ಲಿ ಮಾಗುತ್ತದೆ, ಆದರೆ ಗುರುತು ಉಳಿಯುತ್ತದೆ. ನೀರು ತುಂಬಿ ತುಳುಕಿದಂತೆ ಅನ್ನಿಸಿದರೆ ಸೂಜಿಯಿಂದ ಹೀರಿ ತೆಗೆಯುತ್ತಾರೆ. ತೋಳಿನ ಒಳಮೈ ಜೋಮು ಹಿಡಿದಂತಿರುವುದು ತಿಂಗಳುಗಳಲ್ಲಿ ಬಹುತೇಕ ಸರಿಹೋಗುತ್ತದೆ. ಕೈ ಎತ್ತಿದಾಗ ಹುರಿ ಎಳೆದಂತೆ ಆಗುವವರಿಗೆ ಗಾಯ ಪೂರ್ತಿ ಮಾಗಿದ ಮೇಲೆ ಎಣ್ಣೆ ಹಚ್ಚಿ ನೀವುವುದು, ನಿಧಾನದ ವ್ಯಾಯಾಮ ಸಾಕಾಗುತ್ತದೆ. ಕಂಕುಳ ಕೂದಲು ತೆಳುವಾಗುತ್ತದೆ, ಅದಕ್ಕೆ ಯಾರೂ ದೂರಿದ್ದಿಲ್ಲ.

ಆಪರೇಷನ್ನಿಗೆ ಮುಂಚೆ ಬೀಡಿ ಸಿಗರೇಟು 4 ವಾರ ನಿಲ್ಲಿಸಬೇಕು. ನಿಕೋಟಿನ್ ತೆಳುಚರ್ಮದ ರಕ್ತವನ್ನು ಕಸಿಯುತ್ತದೆ. ಆಸ್ಪಿರಿನ್, ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಸರ್ಜನ್ನಿಗೆ ಹೇಳಿ. ಹೃದಯದ ವೈದ್ಯರನ್ನು ಕೇಳದೆ ನೀವೇ ನಿಲ್ಲಿಸಬೇಡಿ.

ಮಗಳ ಮದುವೆ ಮುಂದಿನ ತಿಂಗಳು. ರೇಷ್ಮೆ ಸೀರೆಯ ರವಿಕೆ ಬೆವರಿನಿಂದ ಹಾಳಾಗುತ್ತದೆಂದು ಅವಳಿಗೆ ಚಿಂತೆ. ಅಷ್ಟರೊಳಗೆ ಆಪರೇಷನ್ ಮಾಡಿಸಲೇ? – ಗುಬ್ಬಿಯ ಓದುಗರು

ಬೇಡ. ಒಂದು ತಿಂಗಳಲ್ಲಿ ಗಾಯ ಕೆಂಪಾಗಿಯೇ ಇರುತ್ತದೆ, ಧಾರೆಗೆ ಕೈ ಎತ್ತಿ ಹಾರ ಹಾಕುವಾಗ ಎಳೆಯುತ್ತದೆ. ಅವಳಿಗೆ ಬೊಟುಲಿನಂ ಚುಚ್ಚುಮದ್ದು ಸರಿ. ಒಂದೊಂದು ಕಂಕುಳಿಗೆ 50 ಯೂನಿಟ್, 10ರಿಂದ 15 ಕಡೆ, ಚರ್ಮದೊಳಗೇ ಸಣ್ಣ ಗುಳ್ಳೆ ಏಳುವಂತೆ ಕೊಡುತ್ತಾರೆ. 100 ಯೂನಿಟಿನ ಒಂದು ಸೀಸೆ ಎರಡೂ ಕಡೆಗೆ ಸಾಕು. ಬೇರೆ ಬೇರೆ ಕಂಪನಿಗಳ ಯೂನಿಟ್ ಲೆಕ್ಕ ಒಂದೇ ಅಲ್ಲ, ಆದ್ದರಿಂದ ಯಾವ ಬ್ರ್ಯಾಂಡ್ ಎಂದು ಕೇಳಿ, ಸೀಸೆ ನಿಮ್ಮೆದುರೇ ತೆರೆಯಲಿ. ಒಂದು ವಾರದೊಳಗೆ ಬೆವರು ಇಳಿಯುತ್ತದೆ, ಸರಾಸರಿ ಆರು ತಿಂಗಳು ತಡೆಯುತ್ತದೆ. ಮದುವೆಗೆ 2–3 ವಾರ ಮೊದಲು ಕೊಡಿಸಿದರೆ ಬಿಟ್ಟುಹೋದ ಜಾಗವನ್ನು ತುಂಬಲು ಸಮಯ ಸಿಗುತ್ತದೆ. ಗರ್ಭಿಣಿಯರಿಗೆ, ಹಾಲೂಡಿಸುವವರಿಗೆ, ಮಯಸ್ತೇನಿಯಾದಂಥ ನರಸ್ನಾಯು ಕಾಯಿಲೆ ಇರುವವರಿಗೆ ಕೊಡುವುದಿಲ್ಲ.

ಎಷ್ಟಾದರೂ ರವಿಕೆಯ ಕಂಕುಳಿಗೆ ಬಿಚ್ಚಿ ತೆಗೆಯಬಹುದಾದ ಹತ್ತಿಯ ಪ್ಯಾಡ್ ಹೊಲಿಸಿ.

ಎದೆಯಲ್ಲಿ ಕ್ಯಾಮೆರಾ ಕೊಳವೆ ತೂರಿಸಿ ನರ ಕತ್ತರಿಸಿದರೆ ಹತ್ತೇ ನಿಮಿಷದಲ್ಲಿ ಬೆವರು ನಿಲ್ಲುತ್ತದೆ ಎಂಬ ಜಾಹೀರಾತು ನೋಡಿದೆ. ಅದೂ ಸಣ್ಣ ಗಾಯವೇ ಅಲ್ಲವೇ? – ಮಾಲೂರಿನ ಓದುಗರು

ಗಾಯ ಸಣ್ಣದು, ಆಪರೇಷನ್ ಸಣ್ಣದಲ್ಲ. ಪೂರ್ಣ ಅರಿವಳಿಕೆ ಕೊಟ್ಟು, ಒಂದು ಶ್ವಾಸಕೋಶವನ್ನು ತಾತ್ಕಾಲಿಕವಾಗಿ ಕುಗ್ಗಿಸಿ, ಪಕ್ಕೆಲುಬಿನ ಬುಡದ ಹತ್ತಿರ ಬೆವರಿಗೆ ಸಂದೇಶ ಒಯ್ಯುವ ಸಿಂಪಥೆಟಿಕ್ ನರದ ಸರಪಣಿಯನ್ನು ಕತ್ತರಿಸುವುದು ಅಥವಾ ಕ್ಲಿಪ್ ಹಾಕುವುದು ಅದು. ಅಂಗೈಯಿಂದ ನೀರು ತೊಟ್ಟಿಕ್ಕುವವರಿಗೆ ಅದು ದೊಡ್ಡ ಉಪಕಾರ. ಕಂಕುಳು ಮಾತ್ರ ಬೆವರುವವರಿಗೆ ನಾವು ಸಲಹೆ ಮಾಡುವುದಿಲ್ಲ. ಕತ್ತರಿಸಿದ ಬಳಿಕ ಬೆನ್ನು, ಹೊಟ್ಟೆ, ತೊಡೆಗಳಲ್ಲಿ ಬದಲಿ ಬೆವರು ಶುರುವಾಗುವುದು ಸಾಮಾನ್ಯ; ಕೆಲವರಿಗೆ ದಿನಕ್ಕೆ ಎರಡು ಮೂರು ಸಲ ಬಟ್ಟೆ ಬದಲಿಸುವಷ್ಟು. ಕತ್ತರಿಸಿದ್ದನ್ನು ಮತ್ತೆ ಜೋಡಿಸಲಾಗದು. ಮೇಲಿನ ಮಟ್ಟದಲ್ಲಿ ನರಕ್ಕೆ ಪೆಟ್ಟಾದರೆ ಒಂದು ಕಣ್ಣಿನ ರೆಪ್ಪೆ ಜೋತುಬೀಳಬಹುದು. ಕಂಕುಳ ಗ್ರಂಥಿಯನ್ನೇ ತೆಗೆಯುವ ಚಿಕಿತ್ಸೆಯಲ್ಲಿ ಈ ಕಾಟಗಳಿಲ್ಲ. ಕಂಕುಳು ಮೈಯ ಬಹಳ ಸಣ್ಣ ಪಾಲು, ಅಲ್ಲಿ ಬೆವರು ನಿಂತರೆ ದೇಹದ ಉಷ್ಣ ಏರುವುದಿಲ್ಲ.

ಮಗನಿಗೆ 15 ವರ್ಷ, ಕಂಕುಳ ವಾಸನೆಗೆ ಶಾಲೆಯಲ್ಲಿ ಹಂಗಿಸುತ್ತಾರೆ. ಈಗಲೇ ಆಪರೇಷನ್ ಮಾಡಿಸಬಹುದೇ? ಪಟಿಕ ಉಜ್ಜಿದರೆ ಸಾಕೇ? – ಗೌರಿಬಿದನೂರಿನ ಓದುಗರು

ಗ್ರಂಥಿಗಳು ಇನ್ನೂ ಬೆಳೆಯುತ್ತಿರುವ ವಯಸ್ಸು. ಈಗ ತೆಗೆದರೆ ಮರುಕಳಿಸುವ ಸಂಭವ ಹೆಚ್ಚು. 18 ದಾಟಲಿ. ಅಲ್ಲಿಯ ತನಕ ಕೂದಲು ಗಿಡ್ಡಗೆ ಕತ್ತರಿಸಿ, ಸ್ನಾನದಲ್ಲಿ ಬೆನ್ಝೈಲ್ ಪೆರಾಕ್ಸೈಡ್ ಇರುವ ತೊಳೆಯುವ ಜೆಲ್ಲನ್ನು ಒಂದೆರಡು ನಿಮಿಷ ಬಿಟ್ಟು ತೊಳೆಯಲಿ (ಬಣ್ಣದ ಟವೆಲ್ ಬೆಳ್ಳಗಾಗುತ್ತದೆ, ಬಿಳಿಯದೇ ಕೊಡಿ). ಪಾಲಿಯೆಸ್ಟರ್ ಸಮವಸ್ತ್ರ ವಾಸನೆ ಹಿಡಿದಿಟ್ಟುಕೊಳ್ಳುತ್ತದೆ. ಒಳಗೆ ಹತ್ತಿ ಬನಿಯನ್, ದಿನಕ್ಕೊಂದು. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸೋಪು ನೊರೆ ಬರದೆ ಜಿಡ್ಡಾಗಿ ಬಟ್ಟೆಯಲ್ಲೇ ಉಳಿಯುತ್ತದೆ, ಆದ್ದರಿಂದ ಕಂಕುಳ ಭಾಗವನ್ನು ಡಿಟರ್ಜೆಂಟಿನಲ್ಲಿ ನೆನೆಸಿ ಚೆನ್ನಾಗಿ ಜಾಲಿಸಿ. ಪಟಿಕ ಸೌಮ್ಯವಾದ ಮದ್ದು, ಬ್ಯಾಕ್ಟೀರಿಯಾ ಸ್ವಲ್ಪ ತಗ್ಗಿಸುತ್ತದೆ; ಉಜ್ಜಿದರೆ ತಪ್ಪಿಲ್ಲ. ಹಂಗಿಸುವುದರ ಬಗ್ಗೆ ತರಗತಿಯ ಶಿಕ್ಷಕರೊಂದಿಗೆ ಇವತ್ತೇ ಮಾತಾಡಿ.

ಕಂಕುಳಲ್ಲಿ ಪದೇ ಪದೇ ಕುರು ಎದ್ದು ಕೀವಾಗುತ್ತದೆ, ಒಡೆದ ಮೇಲೆ ಸುರಂಗದಂತೆ ತೂತು ಉಳಿದಿದೆ. ಗ್ರಂಥಿ ಹೀರಿಸಿದರೆ ಹೋಗುತ್ತದೆಯೇ? – ಮುಳಬಾಗಿಲಿನ ಓದುಗರು

ಇಲ್ಲ. ನಿಮ್ಮದು ಹೈಡ್ರಾಡೆನೈಟಿಸ್ ಇರುವ ಲಕ್ಷಣ, ಅದು ಕೂದಲ ಬುಡದ ಉರಿಯೂತ. ಅದರ ಮೇಲೆ ಕೊಳವೆ ಆಡಿಸಿದರೆ ಕೀವು ಹರಡುತ್ತದೆ. ಔಷಧದ ಜೊತೆಗೆ, ಸುರಂಗದ ಮೇಲ್ಛಾವಣಿ ತೆಗೆದು ತಳದಿಂದ ಮಾಗಲು ಬಿಡುವ ಬೇರೆಯೇ ಶಸ್ತ್ರಚಿಕಿತ್ಸೆ ಇದೆ. ಧೂಮಪಾನ, ಬೊಜ್ಜು ಇದ್ದರೆ ಅವೆರಡನ್ನೂ ಇಳಿಸಬೇಕು. ಚರ್ಮರೋಗ ವಿಭಾಗಕ್ಕೆ ಹೋಗಿ.

ಎರಡು ತಿಂಗಳಿಂದ ರಾತ್ರಿ ಹಾಸಿಗೆ ನೆನೆಯುವಷ್ಟು ಬೆವರು. ವಯಸ್ಸು 44, ತೂಕವೂ ಇಳಿದಿದೆ. – ಪಾವಗಡದ ಓದುಗರು

ಪಾವಗಡದ ಬಿಸಿಲಿನ ಮೇಲೆ ಹಾಕಿ ಸುಮ್ಮನಿರಬೇಡಿ. ನಿದ್ದೆಯಲ್ಲಿ ಮೈಯೆಲ್ಲ ಬೆವರುವುದು, ಜೊತೆಗೆ ತೂಕ ಇಳಿಯುವುದು ಕಂಕುಳ ಗ್ರಂಥಿಯ ಸಮಸ್ಯೆಯಲ್ಲ. ಕ್ಷಯ, ಥೈರಾಯ್ಡ್, ಸಕ್ಕರೆ, ದುಗ್ಧಗ್ರಂಥಿಯ ಕಾಯಿಲೆ ಇವೆಲ್ಲ ನೋಡಬೇಕು. ಈ ವಾರವೇ ತಾಲ್ಲೂಕು ಆಸ್ಪತ್ರೆಯಲ್ಲಿ ಕಫ, ರಕ್ತ, ಎಕ್ಸ್‌ರೇ ಪರೀಕ್ಷೆ ಮಾಡಿಸಿ. ಕ್ಷಯದ ಪರೀಕ್ಷೆ ಮತ್ತು ಔಷಧ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ.

ನನ್ನ ಮೈ ನಾರುತ್ತದೆ ಎಂದು ಜನ ಮೂಗು ಮುಚ್ಚುತ್ತಾರೆ. ಆದರೆ ಗಂಡ, ಅಕ್ಕ, ಡಾಕ್ಟರು ಎಲ್ಲರೂ ವಾಸನೆ ಇಲ್ಲ ಅನ್ನುತ್ತಾರೆ. ದುಡ್ಡು ಕೂಡಿಸಿಟ್ಟಿದ್ದೇನೆ, ಆಪರೇಷನ್ ಮಾಡುವವರ ವಿಳಾಸ ತಿಳಿಸಿ. – ತುಮಕೂರಿನ ಓದುಗರು

ನೀವು ಪಡುತ್ತಿರುವ ಸಂಕಟ ನಿಜ, ಅದಕ್ಕೆ ಚಿಕಿತ್ಸೆಯೂ ಇದೆ. ಆದರೆ ಆ ಚಿಕಿತ್ಸೆ ಇದಲ್ಲ. ಕಂಕುಳಲ್ಲಿ ಕೆಲ ನಿಮಿಷ ಗಾಜ್ ಬಟ್ಟೆ ಇಟ್ಟು, ತೆಗೆದು ಮೂಸಿ ನೋಡುವ ಸರಳ ಪರೀಕ್ಷೆಯಿದೆ. ಅದನ್ನು ಬೇರೆ ಬೇರೆ ದಿನ ಮಾಡಿಸಿ. ಆಗಲೂ ಯಾರ ಮೂಗಿಗೂ ವಾಸನೆ ಸಿಗದಿದ್ದರೆ, ವಾಸನೆಯ ಭಾಸವನ್ನು ಮನಸ್ಸೇ ಹುಟ್ಟಿಸುತ್ತಿರಬಹುದು. ಹೀಗಾಗುವುದು ನಿಮ್ಮೊಬ್ಬರಿಗೇ ಅಲ್ಲ. ಇಂಥವರಿಗೆ ಆಪರೇಷನ್ ಮಾಡಿದರೆ ಭಾಸ ಹೋಗುವುದಿಲ್ಲ, ಗಾಯದ ಗುರುತು ಮಾತ್ರ ಸೇರಿಕೊಳ್ಳುತ್ತದೆ. ಮನೋವೈದ್ಯರ ಔಷಧ, ಸಮಾಲೋಚನೆಯಿಂದ ಬಹಳ ಜನ ಚೇತರಿಸಿಕೊಳ್ಳುತ್ತಾರೆ. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಹೋಗಿ, ಅಕ್ಕನನ್ನೂ ಕರೆದುಕೊಂಡು ಹೋಗಿ. 24 ಗಂಟೆಯೂ ಉಚಿತವಾಗಿ ಮಾತಾಡಲು ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ಒಮ್ಮೆ ತೆಗೆಸಿದರೆ ಜೀವನಪರ್ಯಂತ ಬರುವುದಿಲ್ಲವೇ? ಸರ್ಜನ್ನರನ್ನು ಏನೇನು ಕೇಳಬೇಕು? – ಬಂಗಾರಪೇಟೆಯ ಓದುಗರು

ತೆಗೆದ ಗ್ರಂಥಿ ಮತ್ತೆ ಹುಟ್ಟುವುದಿಲ್ಲ. ಆದರೆ ಉಳಿದ ಗ್ರಂಥಿಗಳು ಕೆಲಸ ಹೆಚ್ಚಿಸಿಕೊಳ್ಳುತ್ತವೆ, ಹೆರೆಯುವಾಗ ತುಂಡಾದ ಸಣ್ಣ ನರಗಳೂ ಮತ್ತೆ ಚಿಗುರುತ್ತವೆ. ಹೀಗಾಗಿ ಮೊದಲ ತಿಂಗಳ ಒಣಗು ನೋಡಿ ಫಲಿತಾಂಶ ತೀರ್ಮಾನಿಸಬೇಡಿ. ಆರು ತಿಂಗಳಿಗೆ ಅಯೋಡಿನ್ ಪರೀಕ್ಷೆ ಇನ್ನೊಮ್ಮೆ ಮಾಡಿದರೆ ಎಲ್ಲಿ ಉಳಿದಿದೆ ಎಂದು ಕಾಣುತ್ತದೆ. ಅಷ್ಟು ಜಾಗಕ್ಕೆ ಮಾತ್ರ ಎರಡನೇ ಸಲ ಹೆರೆಯಬಹುದು, ಅಥವಾ ಅಲ್ಲಿಗಷ್ಟೇ ಬೊಟುಲಿನಂ ಕೊಡಬಹುದು.

ಕೇಳಬೇಕಾದದ್ದು: ಗ್ರಂಥಿ ತೆಗೆಯುವ ಈ ಆಪರೇಷನ್ನನ್ನೇ ಅವರು ಎಷ್ಟು ಮಾಡಿದ್ದಾರೆ (ಲೈಪೊಸಕ್ಷನ್ ಲೆಕ್ಕ ಬೇರೆ), ಗುರುತು ಹಾಕಲು ಅಯೋಡಿನ್ ಪರೀಕ್ಷೆ ಮಾಡುತ್ತಾರಾ, ಮೊದಲ ರಾತ್ರಿ ರಕ್ತ ಕಟ್ಟಿದರೆ ಯಾರಿಗೆ ಫೋನ್ ಮಾಡಬೇಕು, ಥಿಯೇಟರಿನಲ್ಲಿ ಅರಿವಳಿಕೆ ವೈದ್ಯರು ಇರುತ್ತಾರಾ, ಹೇಳಿದ ಖರ್ಚಿನಲ್ಲಿ ಡ್ರೆಸ್ಸಿಂಗ್ ಮತ್ತು ಎರಡನೇ ಸಲದ ತಿದ್ದುಪಡಿ ಸೇರಿದೆಯಾ. ಖರ್ಚಿನ ವಿವರವನ್ನು ಬರಹದಲ್ಲೇ ಪಡೆಯಿರಿ. ನಿಮ್ಮ ಜಿಲ್ಲೆಯ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಚರ್ಮರೋಗ ಹೊರರೋಗಿ ವಿಭಾಗದಲ್ಲಿ ಮೊದಲು ತೋರಿಸಿ, ಅಲ್ಲಿಂದ ಚೀಟಿ ಬರೆಸಿಕೊಂಡು ಪ್ಲಾಸ್ಟಿಕ್ ಸರ್ಜನ್ನರ ಹತ್ತಿರ ಹೋದರೆ ಬೇಡದ ಆಪರೇಷನ್ ಅಲ್ಲಿಗೇ ತಪ್ಪುತ್ತದೆ.